ಎಡಗಾಲಿಗೆ ಕೆಲಸವಿಲ್ಲದ ಕಾರು

ವಾಚನಾಲಯದ ಈ ಸಲದ ಪುಸ್ತಕಕ್ಕೆ ಚರಿತ್ರೆಯ ಬಗ್ಗೆ ಒಂದು ಲೇಖನ ಕೊಡಿ ಎಂದು ಕೇಳಲು ಕಾರ್ಯದರ್ಶಿಗಳು ನಮ್ಮಲ್ಲಿಗೆ ಬಂದಾಗ ನಾನು ಅಂಗಳದಲ್ಲಿ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದೆ. ಅವರಿಗೆ ಕಂಡದ್ದು ನನ್ನ ಎರಡು ಕಾಲು ಮಾತ್ರ. ಕುಂಬಳೆ ಸೀಮೆಯ ಬಗ್ಗೆ ಬರೆಯುವವರು ಇದ್ದಾರೆ, ಬೇಕಲ ಕೋಟೆಯ ಬಗ್ಗೆ ಬರೆಯುವವರು ಇದ್ದಾರೆ, ನನ್ನಿಂದ ಎಂತ ಆಗ್ತದೆ ಎಂದು ಅಡಿಯಿಂದಲೇ ಕೇಳಿದೆ. “ನಿಮಗೆ ಗೊತ್ತಿದ್ದದ್ದನ್ನೇ ಬರೆಯಿರಿ ಮಾರಾಯ್ರೆ” ಎಂದರು. ನನಗೆ ಗೊತ್ತಿರುವುದು ಗಿಯರ್ ಬಾಕ್ಸು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪುಗಳಲ್ಲಿ ಹದಿನೇಳು ವರ್ಷ ಅದನ್ನೇ ಬಿಚ್ಚಿ ಕಟ್ಟಿದವ ನಾನು. ಹಾಗಾಗಿ ಇದು ಒಂದು ಗಿಯರ್ ಬಾಕ್ಸಿನ ಚರಿತ್ರೆ. ಜೊತೆಗೆ ಕಳೆದ ಮೇ ತಿಂಗಳಿನಲ್ಲಿ ಅದು ನಮ್ಮ ಮನೆಯವರನ್ನೆಲ್ಲ ಆಡಿಸಿದ ಆಟವೂ ಸ್ವಲ್ಪ ಬರುತ್ತದೆ.

ಕಾರು ಅಕ್ಕನದ್ದು. ಅಕ್ಕನಿಗೆ ಎರಡನೆಯ ವರ್ಷದಲ್ಲಿ ಪೋಲಿಯೋ ಬಂದು ಎಡಗಾಲು ಸಪೂರವಾಗಿ ಹೋಯಿತು. ಈಗ ಹದಿನಾಲ್ಕು ಕಿಲೋಮೀಟರ್ ದೂರದ ಕನ್ನಡ ಶಾಲೆಯಲ್ಲಿ ಟೀಚರ್. ನಮ್ಮ ಮನೆಯಿಂದ ಬಸ್ಸಿನ ರಸ್ತೆಗೆ ಒಂದೂವರೆ ಕಿಲೋಮೀಟರ್ ಗುಡ್ಡದ ಏರು. ಮಳೆಗಾಲದಲ್ಲಿ ಆ ದಾರಿಯಲ್ಲಿ ಗಟ್ಟಿ ಕಾಲಿನವರೇ ಜಾರುತ್ತಾರೆ. ಹಾಗಾಗಿ ಗಲ್ಫಿನಿಂದ ಬಂದ ವರ್ಷ ನಾನು ಮೊದಲು ಮಾಡಿದ ಕೆಲಸ ಅಕ್ಕನಿಗೆ ಒಂದು ಹಳೆಯ ಆಟೊಮ್ಯಾಟಿಕ್ ಕಾರು ಹುಡುಕಿದ್ದು. ಕ್ಲಚ್ ಪೆಡಲ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಬಲಗಾಲೊಂದರಲ್ಲೇ ಬ್ರೇಕು, ಆಕ್ಸಿಲರೇಟರು. ನಲ್ವತ್ತು ದಾಟಿದ ಮೇಲೆ ಅಕ್ಕ ಡ್ರೈವಿಂಗ್ ಕಲಿತಳು. ಊರಿನ ಕೆಲವರು ಅದನ್ನು “ಸೋಮಾರಿ ಕಾರು” ಎಂದು ತಮಾಷೆ ಮಾಡಿದರು. ಆ ಮಾತು ನನ್ನ ತಲೆಯಲ್ಲಿ ಕೂತಿತ್ತು. ಈ ಲೇಖನ ಅದಕ್ಕೆ ಉತ್ತರ ಅಂತ ಬೇಕಾದರೆ ಹೇಳಬಹುದು.

ಮೇ ತಿಂಗಳ ಮೊದಲ ವಾರ ಆ ಕಾರು ಅದೇ ಏರಿನಲ್ಲಿ ನಿಂತಿತು. ಇಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದೆ. ಗಿಯರ್ ಬಾಕ್ಸಿನ ಎಣ್ಣೆ ದಾಸವಾಳದ ಹಾಗೆ ಕೆಂಪಗಿರಬೇಕು, ಇದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಒಳಗಿನ ಕ್ಲಚ್ ಪ್ಲೇಟುಗಳು ಸವೆದು ಮುಗಿದಿದ್ದವು. ವರ್ಕ್‌ಶಾಪಿನಲ್ಲಿ ಹೇಳಿದ ಲೆಕ್ಕ ಕಾರಿನ ಬೆಲೆಗಿಂತ ಹೆಚ್ಚಾಯಿತು. ಜೂನ್ 1ಕ್ಕೆ ಕೇರಳದ ಶಾಲೆಗಳು ಸುರು. ನಮ್ಮಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಬರುವುದು. ಕೈಯಲ್ಲಿ ಇಪ್ಪತ್ತನಾಲ್ಕು ದಿವಸ ಇತ್ತು. ಗುಜರಿಯಿಂದ ಅದೇ ಮಾದರಿಯ ಒಳ್ಳೆಯ ಗಿಯರ್ ಬಾಕ್ಸ್ ತಂದು ಮನೆಯಲ್ಲೇ ಹಾಕುವುದು ಎಂದು ನಿಶ್ಚಯ ಮಾಡಿದೆ.

ಈಗ ಚರಿತ್ರೆಗೆ ಬರೋಣ.

ಕಾರು ಹುಟ್ಟಿದ ಕಾಲದಿಂದಲೂ ಗಿಯರ್ ಬದಲಿಸುವುದು ಕಷ್ಟದ ಕೆಲಸವೇ. ಪೆಟ್ರೋಲ್ ಇಂಜಿನಿಗೆ ಒಂದು ಗುಣ ಉಂಟು: ನಿಧಾನ ತಿರುಗಿದರೆ ಶಕ್ತಿ ಇಲ್ಲ, ಜೋರು ತಿರುಗಿದರೇ ಶಕ್ತಿ. ಹೊರಡುವಾಗಲೂ ಏರು ಹತ್ತುವಾಗಲೂ ಇಂಜಿನ್ ಜೋರಾಗಿ, ಚಕ್ರ ನಿಧಾನವಾಗಿ ತಿರುಗಬೇಕು. ಸಪಾಟು ರಸ್ತೆಯಲ್ಲಿ ಹಾಗಲ್ಲ. ಅದಕ್ಕೆ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳು. ತಿರುಗುತ್ತಿರುವ ಎರಡು ಹಲ್ಲುಚಕ್ರಗಳನ್ನು ಒಂದಕ್ಕೊಂದು ಸೇರಿಸಬೇಕಾದರೆ ಎರಡರ ವೇಗವೂ ಹೊಂದಬೇಕು, ಇಲ್ಲದಿದ್ದರೆ ಕರ್‌ರ್ ಎಂದು ಹಲ್ಲು ಮುರಿಯುತ್ತದೆ. ನಮ್ಮ ಕಡೆಯ ಹಳೆಯ ಲಾರಿ ಡ್ರೈವರುಗಳನ್ನು ಕೇಳಿ, ಡಬಲ್ ಕ್ಲಚ್ ಎಂದರೆ ಎಂತ ಎಂದು ಅವರು ಹೇಳುತ್ತಾರೆ. ಒಂದು ಗಿಯರಿಗೆ ಎಡಗಾಲು ಎರಡು ಸಲ ಒತ್ತಬೇಕು.

ಈ ಕೆಲಸವನ್ನು ಯಂತ್ರವೇ ಮಾಡಲಿ ಎಂಬ ಯೋಚನೆ ಹೊಸತಲ್ಲ. 1904ರಲ್ಲೇ ಅಮೆರಿಕದ ಬೋಸ್ಟನ್ನಿನಲ್ಲಿ ಸ್ಟರ್ಟೆವಂಟ್ ಎಂಬ ಮನೆತನದವರು ತನ್ನಷ್ಟಕ್ಕೆ ಬದಲಾಗುವ ಎರಡು ಗಿಯರಿನ ಪೆಟ್ಟಿಗೆ ಮಾಡಿದ್ದರು. ಇಂಜಿನಿನ ವೇಗ ಏರಿದಾಗ ಒಳಗಿನ ತೂಕದ ತುಂಡುಗಳು ಹೊರಕ್ಕೆ ಸರಿದು ಮೇಲಿನ ಗಿಯರನ್ನು ಹಿಡಿಸುತ್ತಿದ್ದವು. ಕಲ್ಪನೆ ಚೆನ್ನಾಗಿತ್ತು. ಆಗಿನ ಕಬ್ಬಿಣಕ್ಕೆ ಆ ಎಳೆತ ತಾಳಲಿಲ್ಲ.

1908ರಲ್ಲಿ ಹೆನ್ರಿ ಫೋರ್ಡರ ಮಾಡೆಲ್ ಟಿ ಬಂತು. ಅದು ಆಟೊಮ್ಯಾಟಿಕ್ ಅಲ್ಲ, ಆದರೆ ಅದರ ಹೊಟ್ಟೆಯೊಳಗೆ ಇದ್ದದ್ದು ಇವತ್ತಿನ ಆಟೊಮ್ಯಾಟಿಕಿನ ಅಜ್ಜನೇ. ನಡುವೆ ಒಂದು ‘ಸೂರ್ಯ’ ಗಿಯರ್, ಅದರ ಸುತ್ತ ತಿರುಗುವ ‘ಗ್ರಹ’ ಗಿಯರುಗಳು. ಹಲ್ಲುಗಳು ಯಾವಾಗಲೂ ಕೂಡಿಕೊಂಡೇ ಇರುತ್ತವೆ, ಬಿಡಿಸಿ ಸೇರಿಸುವ ರಗಳೆ ಇಲ್ಲ. ಯಾವುದಾದರೂ ಒಂದನ್ನು ಹೊರಗಿನಿಂದ ಪಟ್ಟಿ ಬಿಗಿದು ಹಿಡಿದರೆ ವೇಗ ಬದಲಾಗುತ್ತದೆ, ಇನ್ನೊಂದನ್ನು ಹಿಡಿದರೆ ಕಾರು ಹಿಂದಕ್ಕೆ ಹೋಗುತ್ತದೆ. ಆ ಪಟ್ಟಿಗಳ ಒಳಮೈಗೆ ಹತ್ತಿಯ ನೇಯ್ಗೆ. ಒತ್ತಿದಷ್ಟೂ ಅದು ಸವೆಯುತ್ತಿತ್ತು. ಆಗ ಮನೆಯಲ್ಲೇ ಬದಲಿಸುವುದು. ಅಮೆರಿಕದ ಹಳ್ಳಿಯ ರೈತರು ಕೊಟ್ಟಿಗೆಯಲ್ಲಿ ಕೂತು ಮೇಲಿನ ಮುಚ್ಚಳ ತೆಗೆದು ಹೊಸ ಪಟ್ಟಿ ಹಾಕುತ್ತಿದ್ದರು. ನಟ್ಟು ಕೈಜಾರಿ ಒಳಗೆ ಬಿದ್ದರೆ ಆ ದಿನ ಹೋಯಿತು. ಮುಂದಕ್ಕೆ ಹೋಗುವ ಪಟ್ಟಿ ಸವೆದವರು ಏರಿನಲ್ಲಿ ಕಾರನ್ನು ತಿರುಗಿಸಿ ರಿವರ್ಸಿನಲ್ಲೇ ಹತ್ತಿಸುತ್ತಿದ್ದದ್ದೂ ಉಂಟು. ಪೆಟ್ರೋಲು ಟ್ಯಾಂಕಿನಿಂದ ತಾನಾಗಿ ಇಳಿದು ಇಂಜಿನಿಗೆ ಬರಬೇಕಾಗಿದ್ದ ಕಾರಣ ಕಡಿದಾದ ಏರಿಗೆ ಹೇಗೂ ರಿವರ್ಸೇ ಒಳ್ಳೆಯದಿತ್ತು. 1927ರ ವರೆಗೆ ಒಂದೂವರೆ ಕೋಟಿಗಿಂತ ಹೆಚ್ಚು ಮಾಡೆಲ್ ಟಿ ತಯಾರಾದವು ಎಂದರೆ ಎಷ್ಟು ಅಂಗಳಗಳಲ್ಲಿ ಎಷ್ಟು ಮಂದಿ ಈ ಪಟ್ಟಿ ಬದಲಿಸಿರಬೇಕು, ನೀವೇ ಲೆಕ್ಕ ಹಾಕಿ. ನಾನು ಮಾಡ ಹೊರಟದ್ದು ಹೊಸ ಸಾಹಸ ಏನಲ್ಲ.

ಆದರೆ ಆ ರೈತನಿಗೆ ಒಂದು ಅನುಕೂಲ ಇತ್ತು. ಅವನ ಗಿಯರ್ ಬಾಕ್ಸಿನಲ್ಲಿ ಇದ್ದದ್ದು ಮೂರು ಪಟ್ಟಿ. ನನ್ನದರಲ್ಲಿ ಏನೆಲ್ಲ ಉಂಟು ಎಂದು ಹೇಳಬೇಕಾದರೆ ಜರ್ಮನಿಯ ಒಂದು ಹಡಗುಕಟ್ಟೆಗೆ ಹೋಗಬೇಕು.

ಸ್ಟೆಟ್ಟಿನ್ ಎಂಬ ಬಂದರಿನ ವುಲ್ಕನ್ ಹಡಗು ಕಾರ್ಖಾನೆಯಲ್ಲಿ ಹರ್ಮನ್ ಫಟಿಂಗರ್ ಎಂಬ ಇಂಜಿನಿಯರ್ ಇದ್ದರು. ಹಡಗಿನ ಉಗಿ ಟರ್ಬೈನ್ ಅತಿ ವೇಗವಾಗಿ ತಿರುಗುತ್ತದೆ, ನೀರೊಳಗಿನ ಫ್ಯಾನ್ ನಿಧಾನವಾಗಿ ತಿರುಗಬೇಕು. ನಡುವೆ ಹಲ್ಲುಚಕ್ರ ಹಾಕುವ ಬದಲು ಅವರು ದ್ರವವನ್ನೇ ಹಾಕಿದರು. 1905ರಲ್ಲಿ ಪೇಟೆಂಟ್ ಮಾಡಿಸಿದರು. ನಮ್ಮ ಹೆಂಗಸರಿಗೆ ಇದನ್ನು ವಿವರಿಸುವುದು ಸುಲಭ. ಮಜ್ಜಿಗೆ ಕಡೆಯುವಾಗ ಕಡೆಗೋಲು ಮಾತ್ರ ತಿರುಗುವುದಲ್ಲ, ಮಜ್ಜಿಗೆಯೂ ಸುತ್ತುತ್ತದೆ. ಆ ಸುತ್ತುವ ಮಜ್ಜಿಗೆಗೆ ಇನ್ನೊಂದು ಕಡೆಗೋಲನ್ನು ಸುಮ್ಮನೆ ಇಳಿಬಿಟ್ಟರೆ ಅದೂ ತಿರುಗಲು ಸುರುವಾಗುತ್ತದೆ. ಎರಡು ಕಡೆಗೋಲಿಗೂ ಒಂದಕ್ಕೊಂದು ತಾಗುವುದೇ ಇಲ್ಲ. ಒಂದನ್ನು ಇಂಜಿನಿಗೆ, ಇನ್ನೊಂದನ್ನು ಗಿಯರಿಗೆ ಕಟ್ಟಿದರೆ ಕ್ಲಚ್ಚಿನ ಅಗತ್ಯ ಎಲ್ಲಿ ಬಂತು? ಕಾರು ನಿಂತರೂ ಇಂಜಿನ್ ನಿಲ್ಲುವುದಿಲ್ಲ, ಮಜ್ಜಿಗೆ ಸುತ್ತುತ್ತಾ ಇರುತ್ತದೆ ಅಷ್ಟೆ. ಸಮುದ್ರಕ್ಕಾಗಿ ಹುಟ್ಟಿದ ಈ ಉಪಾಯ ಆಮೇಲೆ ರಸ್ತೆಗೆ ಹತ್ತಿತು. 1930ರಲ್ಲಿ ಇಂಗ್ಲೆಂಡಿನ ಡೈಮ್ಲರ್ ಕಂಪನಿಯವರು ಇದೇ ತತ್ವದ ದ್ರವಚಕ್ರವನ್ನು ಕಾರಿನಲ್ಲಿ ತಂದರು, ಬಸ್ಸಿಗೂ ಬಂತು. ಅದರಲ್ಲಿ ಗಿಯರನ್ನು ಮೊದಲೇ ಆರಿಸಿ ಇಟ್ಟು ಬೇಕಾದಾಗ ಪೆಡಲ್ ಒತ್ತಬೇಕಾಗಿತ್ತು. ಕಾಲು ಪೂರ್ತಿ ಬಿಡುಗಡೆಯಾಗಲಿಲ್ಲ.

ಪೂರ್ತಿ ಬಿಡುಗಡೆ ಮಾಡಿದ್ದು ಜನರಲ್ ಮೋಟಾರ್ಸಿನ ಅರ್ಲ್ ಥಾಂಪ್ಸನ್ ಮತ್ತು ಅವರ ಜೊತೆಗಾರರು. ಗಿಯರ್ ಬದಲಿಸುವಾಗ ಹಲ್ಲುಗಳ ವೇಗ ತಾನಾಗಿ ಹೊಂದಿಕೊಳ್ಳುವ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲಾಕಿನಲ್ಲಿ ಬಂದದ್ದು ಈ ಥಾಂಪ್ಸನ್ನರಿಂದಲೇ. ಡಬಲ್ ಕ್ಲಚ್ಚಿನಿಂದ ಲೋಕವನ್ನು ತಪ್ಪಿಸಿದ ಮನುಷ್ಯ ಅಲ್ಲಿಗೆ ನಿಲ್ಲಲಿಲ್ಲ. ದ್ರವದ ಜೋಡಣೆ, ಗ್ರಹ ಗಿಯರುಗಳು, ಅವುಗಳನ್ನು ಬಿಗಿಯಲು ಬಿಡಲು ಎಣ್ಣೆಯ ಒತ್ತಡ, ಈ ಮೂರನ್ನು ಸೇರಿಸಿ ನಾಲ್ಕು ಗಿಯರಿನ ಹೈಡ್ರಾಮ್ಯಾಟಿಕ್ ಮಾಡಿದರು. ಕಾರಿನ ವೇಗ ಎಷ್ಟು, ಡ್ರೈವರ್ ಎಷ್ಟು ಒತ್ತಿದ್ದಾನೆ ಎಂಬ ಎರಡು ಸುದ್ದಿ ಎಣ್ಣೆಯ ಒತ್ತಡದ ರೂಪದಲ್ಲಿ ಒಂದು ವಾಲ್ವಿಗೆ ಬರುತ್ತದೆ. ಯಾವುದು ಗೆಲ್ಲುತ್ತದೆಯೋ ಅದರಂತೆ ಗಿಯರ್. ಕರೆಂಟಿಲ್ಲ, ಕಂಪ್ಯೂಟರಿಲ್ಲ, ಬರೀ ಎಣ್ಣೆಯ ಪಂಚಾಯ್ತಿಕೆ! 1939ರಲ್ಲಿ ಇದನ್ನು ಘೋಷಿಸಿ 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ 57 ಡಾಲರ್ ಹೆಚ್ಚಿಗೆಗೆ ಕೊಟ್ಟರು.

ಅದೇ 1939ರ ಜೂನ್ ತಿಂಗಳಿನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಮತ್ತು ರಾಣಿ ಅಮೆರಿಕಕ್ಕೆ ಹೋದಾಗ ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಊರಾದ ಹೈಡ್ ಪಾರ್ಕಿನಲ್ಲಿ ಅವರನ್ನು ತಾವೇ ಫೋರ್ಡ್ ಕಾರಿನಲ್ಲಿ ಕೂರಿಸಿಕೊಂಡು ಸುತ್ತಿಸಿದರು. ರೂಸ್‌ವೆಲ್ಟರಿಗೆ 1921ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಪೋಲಿಯೋ ಎಂದು ಡಾಕ್ಟರುಗಳು ಹೇಳಿದ ರೋಗ ಬಂದು ಎರಡೂ ಕಾಲು ಹೋಗಿದ್ದವು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಲ್ಲವನ್ನೂ ಕೈಯಿಂದ ನಡೆಸುವ ಸರಳು ಸನ್ನೆಗಳನ್ನು ಅವರ ಕಾರಿಗೆ ಜೋಡಿಸಿದ್ದರು. ಒಂದು ಕೈ ಸ್ಟಿಯರಿಂಗಿನಲ್ಲಿ, ಇನ್ನೊಂದು ಕೈಗೆ ಮೂರು ಕೆಲಸ. ರಾಣಿಗೆ ಆ ಪ್ರಯಾಣದಲ್ಲಿ ಜೀವವೇ ಕೈಗೆ ಬಂದಿತ್ತಂತೆ. ಆ 1936ರ ಫೋರ್ಡ್ ಈಗಲೂ ಹೈಡ್ ಪಾರ್ಕಿನಲ್ಲಿ ಪ್ರದರ್ಶನಕ್ಕೆ ಉಂಟು. ಒಂದು ದೇಶದ ಅಧ್ಯಕ್ಷನಿಗೇ ಕ್ಲಚ್ಚಿನ ದೆಸೆಯಿಂದ ಈ ಅವಸ್ಥೆ ಎಂದರೆ ಸಾಮಾನ್ಯರ ಪಾಡು ಏನು?

ನಮ್ಮ ಅಂಗಳಕ್ಕೆ ಒಮ್ಮೆ ಬಂದು ಹೋಗುತ್ತೇನೆ. ಗಿಯರ್ ಬಾಕ್ಸ್ ಇಳಿಸುವುದು ಕೈ ಪಳಗಿದವರಿಗೆ ಲಿಫ್ಟ್ ಇರುವ ಜಾಗದಲ್ಲಿ ಒಂದು ದಿನದ ಕೆಲಸ. ನನಗೆ ಹನ್ನೆರಡು ದಿನ ಹಿಡಿಯಿತು. ಬೆಳಿಗ್ಗೆ ಐದಕ್ಕೆ ಎದ್ದು ತೋಟಕ್ಕೆ ನೀರು ತಿರುಗಿಸಬೇಕು. ಮೇ ತಿಂಗಳಲ್ಲಿ ಸುರಂಗದ ನೀರು ಬೆರಳು ದಪ್ಪಕ್ಕೆ ಇಳಿದಿರುತ್ತದೆ, ತೊಟ್ಟಿ ತುಂಬುವವರೆಗೆ ಕಾಯಬೇಕು. ಅಮ್ಮನ ಕಣ್ಣಿನ ಆಪರೇಶನಿಗೆ ಮಂಗಳೂರಿಗೆ ಮೂರು ಸಲ ಹೋಗಿ ಬಂದದ್ದಾಯಿತು, ಮನೆಯ ಕಾರು ಅಂಗಳದಲ್ಲಿ ಬಿಚ್ಚಿ ಬಿದ್ದಿರುವಾಗ ಬಾಡಿಗೆ ಕಾರಿನಲ್ಲಿ. ಹೆಂಡತಿಯ ಅಣ್ಣನ ಮಗನ ಉಪನಯನ ಅದೇ ತಿಂಗಳು. ಎರಡು ದಿನ ಮೊದಲೇ ಬರಬೇಕೆಂದು ಭಾವನವರು ಫೋನು ಮಾಡಿದಾಗ ನಾನು ಚಕ್ರದ ಎಕ್ಸೆಲ್ ಹೊರಗೆಳೆಯುತ್ತಿದ್ದೆ. “ಕೈ ಬಿಡುವಿಲ್ಲ ಭಾವ” ಎಂದೆ. “ಎಂತ ಭಾವ, ಕಾರು ನಿಮಗೆ ಸಂಬಂಧಿಕರಿಗಿಂತ ಹೆಚ್ಚಾ?” ಎಂದರು. ಹೋಗಲೇಬೇಕಾಯಿತು. ಅಡುಗೆಯ ಹೊಗೆಯ ನಡುವೆ ಕೂತು ತರಕಾರಿ ಕೊಚ್ಚುವಾಗಲೂ ನನ್ನ ಮನಸ್ಸು ಬೆಲ್ ಹೌಸಿಂಗಿನ ಮೇಲಿನ ಒಂದು ಬೋಲ್ಟಿನಲ್ಲೇ. ಕೈ ಹೋಗದ ಜಾಗದಲ್ಲಿ ತುಕ್ಕು ಹಿಡಿದು ಕೂತಿತ್ತು ಅದು.

ಪ್ಲಸ್ ಟು ಓದುವ ಮಗ ಟಾರ್ಚ್ ಹಿಡಿಯುವ ಕೆಲಸಕ್ಕೆ. ಬೆಳಕು ನನಗೆ ಬೇಕಾದ ಕಡೆಗೆ ಬಿಟ್ಟು ಉಳಿದೆಲ್ಲ ಕಡೆಗೆ ಬೀಳುತ್ತಿತ್ತು. ಆ ಬೋಲ್ಟನ್ನು ಕೊನೆಗೆ ಬಿಚ್ಚಿದವನೂ ಅವನೇ, ಅವನ ಕೈ ಸಪೂರ. ಹಟ್ಟಿಯ ಜಂತಿಗೆ ಚೈನ್ ಬ್ಲಾಕ್ ಕಟ್ಟಿ ಇಂಜಿನನ್ನು ತೂಗಿ ಹಿಡಿದು, ಅಡಿಯಿಂದ ಜಾಕಿ ಕೊಟ್ಟು ಗಿಯರ್ ಬಾಕ್ಸನ್ನು ಇಳಿಸಿದೆವು. ಒಂದು ಅಕ್ಕಿ ಮೂಟೆಗಿಂತ ಭಾರ, ಹಿಡಿಯಲು ಮೂಲೆಯಿಲ್ಲ, ಎಣ್ಣೆ ಜಾರುತ್ತದೆ. ಅಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. “ಅದು ಬಿದ್ದರೆ ನಿನ್ನ ಕಾಲೂ ಹೋದೀತು, ಮತ್ತೆ ಮನೆಯಲ್ಲಿ ಇಬ್ಬರು” ಎಂದರು. ಅಕ್ಕ ಏನೂ ಹೇಳದೆ ಒಳಗೆ ಹೋದಳು. ಆ ಹೊತ್ತಿಗೆ ಯಾರೂ ಮಾತಾಡಲಿಲ್ಲ.

ಕಾಲು ಹೋದವರ ಮಾತು ಬಂತಲ್ಲ, ಚರಿತ್ರೆಯೂ ಅಲ್ಲಿಗೇ ಹೋಗುತ್ತದೆ. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜನರ ಕಾರು ತಯಾರಿಸುವುದು ನಿಂತು ಕಾರ್ಖಾನೆಗಳೆಲ್ಲ ಯುದ್ಧಕ್ಕೆ ತಿರುಗಿದವು. ಹೈಡ್ರಾಮ್ಯಾಟಿಕ್ ಟ್ಯಾಂಕಿನೊಳಗೆ ಹೋಯಿತು. ಎಂ-5 ಎಂಬ ಹಗುರ ಟ್ಯಾಂಕಿನಲ್ಲಿ ಎರಡು ಕ್ಯಾಡಿಲಾಕ್ ಇಂಜಿನು, ಅವುಗಳಿಗೆ ಎರಡು ಹೈಡ್ರಾಮ್ಯಾಟಿಕ್. ಓಲ್ಡ್ಸ್‌ಮೊಬೈಲ್ ಕೊಳ್ಳುವ ಗೃಹಸ್ಥರಿಗಾಗಿ ಮಾಡಿದ ಪೆಟ್ಟಿಗೆ ಗುಂಡಿನ ನಡುವೆ ಕೆಲಸ ಮಾಡಿ ಬಂತು. ಯುದ್ಧ ಮುಗಿದ ಮೇಲೆ ಕಂಪನಿ ಅದನ್ನೇ ಹೇಳಿ ಜಾಹೀರಾತು ಮಾಡಿತು.

ಅದಕ್ಕಿಂತ ಮುಖ್ಯವಾದದ್ದು ಬೇರೆ ಉಂಟು. ಯುದ್ಧದಿಂದ ಕೈಕಾಲು ಕಳಕೊಂಡು ಬಂದ ಸಾವಿರಾರು ಹುಡುಗರು ಅಮೆರಿಕದ ಆಸ್ಪತ್ರೆಗಳಲ್ಲಿದ್ದರು. ಅವರಿಗಾಗಿ ಓಲ್ಡ್ಸ್‌ಮೊಬೈಲ್ ‘ವೇಲಿಯಂಟ್’ ಎಂಬ ಹೆಸರಿನಲ್ಲಿ ಒಂದು ಯೋಜನೆ ತಂದಿತು. ಹೈಡ್ರಾಮ್ಯಾಟಿಕ್ ಇರುವ ಕಾರು, ಅದರ ಜೊತೆಗೆ ಯಾವ ಅಂಗ ಇಲ್ಲವೋ ಅದಕ್ಕೆ ಬೇಕಾದ ಕೈಸನ್ನೆ. ರೂಸ್‌ವೆಲ್ಟರ ಕಾರಿನ ಹಾಗೆ ಕ್ಲಚ್ಚಿಗೊಂದು ಬೇರೆ ಸರಳು ಬೇಡ. ಅರ್ಧ ಕಷ್ಟ ಗಿಯರ್ ಬಾಕ್ಸಿನಲ್ಲೇ ಮುಗಿದಿತ್ತು. 1946ರ ಆಗಸ್ಟಿನಲ್ಲಿ ಅಲ್ಲಿಯ ಸಂಸತ್ತು ಕಾಲು ಕಳಕೊಂಡ ಸೈನಿಕರಿಗೆ ಕಾರು ಕೊಳ್ಳಲು 1,600 ಡಾಲರಿನ ತನಕ ಸರಕಾರವೇ ಕೊಡುವ ಕಾನೂನು ಮಾಡಿತು. ಕಾರು ಐಷಾರಾಮ ಅಲ್ಲ, ಕೃತಕ ಕಾಲಿನ ಹಾಗೆ ಅದೂ ಒಂದು ಅಂಗ ಎಂದು ಒಪ್ಪಿದ ಹಾಗಾಯಿತು.

ಸೋಮಾರಿ ಕಾರು ಎನ್ನುವವರಿಗೆ ಇದನ್ನು ಹೇಳಬೇಕು. ಸುಖಕ್ಕೆ ಕೊಂಡವರೂ ಇದ್ದರು, ನಾನು ಇಲ್ಲ ಎನ್ನುವುದಿಲ್ಲ. ಮಾರುಕಟ್ಟೆ ಬೆಳೆದದ್ದು ಅವರಿಂದಲೇ. ಎದುರಾಳಿ ಫೋರ್ಡ್ ಕಂಪನಿಯ ಲಿಂಕನ್ ಕಾರಿಗೂ 1949ರಲ್ಲಿ ಗಿಯರ್ ಬಾಕ್ಸ್ ಹೋದದ್ದು ಜನರಲ್ ಮೋಟಾರ್ಸಿನಿಂದ. ಬ್ಯೂಯಿಕ್, ಪ್ಯಾಕಾರ್ಡ್, ಷೆವ್ರೊಲೆ, ಕ್ರೈಸ್ಲರ್ ಎಲ್ಲರೂ ಒಂದೊಂದು ಹೆಸರಿನಲ್ಲಿ ತಂದರು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಬಹುಪಾಲು ಆಟೊಮ್ಯಾಟಿಕ್. ಹಾಗೆ ಬಹುಪಾಲು ಆದ ಕಾರಣವೇ ಅದು ಅಗ್ಗವಾಗಿ, ಹಳತಾಗಿ, ಕೈಯಿಂದ ಕೈಗೆ ದಾಟಿ ಕಾಲಿಲ್ಲದವರ ತನಕ ಬಂದದ್ದು.

ಗಿಯರಿನ ಸನ್ನೆಯ ಅಕ್ಷರಗಳಿಗೂ ಒಂದು ಕತೆ ಉಂಟು. ಇವತ್ತು ನಾವು ನೋಡುವ ಕ್ರಮ ಪಿ, ಆರ್, ಎನ್, ಡಿ. ಐವತ್ತರ ದಶಕದಲ್ಲಿ ಹಲವು ಕಾರುಗಳಲ್ಲಿ ಅದು ಪಿ, ಎನ್, ಡಿ, ಎಲ್, ಆರ್ ಎಂದಿತ್ತು. ಅಂದರೆ ಮುಂದಕ್ಕೆ ಹೋಗುವ ಲೋ ಗಿಯರಿನ ಪಕ್ಕದಲ್ಲೇ ರಿವರ್ಸ್. ಒಂದು ಕಂಪನಿಯ ಕಾರಿನಿಂದ ಇಳಿದು ಇನ್ನೊಂದನ್ನು ಹತ್ತಿದವರು ಮುಂದೆ ಎಂದುಕೊಂಡು ಹಿಂದಕ್ಕೆ ಬಿಟ್ಟು ಮನೆಯ ಮಕ್ಕಳ ಮೇಲೇ ಹತ್ತಿಸಿದ್ದುಂಟು. ರಾಲ್ಫ್ ನೇಡರ್ 1965ರಲ್ಲಿ ಕಾರುಗಳ ಅಪಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಈ ವಿಷಯವನ್ನು ಎತ್ತಿದರು. 1968ರಿಂದ ಅಮೆರಿಕದ ಸರಕಾರ ಮುಂದಿನ ಗಿಯರಿಗೂ ಹಿಂದಿನ ಗಿಯರಿಗೂ ನಡುವೆ ನ್ಯೂಟ್ರಲ್ ಇರಲೇಬೇಕೆಂದು ವಿಧಿಸಿತು. ನಾನು ಅಂಗಳದಲ್ಲಿ ಸನ್ನೆಯ ಕೇಬಲ್ ಜೋಡಿಸುವಾಗ ಈ ಮಕ್ಕಳನ್ನೇ ನೆನೆದು ನಾಲ್ಕು ಸಲ ಪರೀಕ್ಷೆ ಮಾಡಿದೆ. ಅಕ್ಷರ ಎನ್ ತೋರಿಸುವಾಗ ಒಳಗೂ ನ್ಯೂಟ್ರಲೇ ಇರಬೇಕು. ಒಂದು ಹಲ್ಲು ತಪ್ಪಿದರೂ ಶಾಲೆಯ ಅಂಗಳದಲ್ಲಿ ನಿಂತಿರುವುದು ಮಕ್ಕಳು.

ಡ್ರೈವರಿನ ಕಾಲಿನಿಂದ ತೆಗೆದ ಕೆಲಸ ಎಲ್ಲಿಗೆ ಹೋಯಿತು ಎಂದು ನಾನು ಶಾರ್ಜಾದಲ್ಲಿ ಇದ್ದಾಗಲೇ ಯೋಚಿಸುತ್ತಿದ್ದೆ. ಅದು ಮಾಯವಾಗುವುದಿಲ್ಲ. ಒಂದಷ್ಟು ಕಾರ್ಖಾನೆಗೆ ಹೋಯಿತು. ಮಿಶಿಗನ್ನಿನ ಲಿವೋನಿಯಾದಲ್ಲಿ ಹೈಡ್ರಾಮ್ಯಾಟಿಕ್ ಮಾಡುವ ಅತಿ ದೊಡ್ಡ ಕಾರ್ಖಾನೆ ಇತ್ತು. 1953ರ ಆಗಸ್ಟ್ 12ರಂದು ಅಲ್ಲಿ ಕಬ್ಬಿಣ ಕತ್ತರಿಸುವ ಟಾರ್ಚಿನ ಕಿಡಿ ಎಣ್ಣೆಯಂಥ ದ್ರವಕ್ಕೆ ಬಿದ್ದು ಇಡೀ ಕಟ್ಟಡ ಸುಟ್ಟು ನೆಲಸಮವಾಯಿತು. ಒಳಗೆ ಬೆಂಕಿ ತಡೆಯುವ ಗೋಡೆಗಳೇ ಇರಲಿಲ್ಲ, ಮಾಡಿನ ಡಾಂಬರು ಕರಗಿ ಮಳೆಯ ಹಾಗೆ ಸುರಿಯಿತು. ಕೆಲಸಗಾರರ ಜೀವ ಹೋಯಿತು. ಕಂಪನಿಗೆ ಒಳಗೇ ಗಾಬರಿ, ಏಕೆಂದರೆ ಗಿಯರ್ ಬಾಕ್ಸ್ ಇಲ್ಲದೆ ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಮೂರೂ ನಿಲ್ಲುತ್ತವೆ. ಯುದ್ಧಕಾಲದಲ್ಲಿ ಬಾಂಬರ್ ವಿಮಾನ ಕಟ್ಟುತ್ತಿದ್ದ ವಿಲ್ಲೋ ರನ್ ಎಂಬ ಕಾರ್ಖಾನೆಯನ್ನು ಹಿಡಿದು ಸುಮಾರು ಮೂರು ತಿಂಗಳಿನಲ್ಲಿ ಪುನಃ ಕೆಲಸ ಸುರುಮಾಡಿದರು. ದೊಡ್ಡ ಕಾರ್ಖಾನೆಗಳ ಮಾಡು, ಗೋಡೆ, ನೀರು ಚಿಮ್ಮಿಸುವ ಏರ್ಪಾಡುಗಳ ಬಗ್ಗೆ ಅಮೆರಿಕದವರ ಕಣ್ಣು ತೆರೆಸಿದ ಬೆಂಕಿ ಅದು.

ಇನ್ನೊಂದಷ್ಟು ಕೆಲಸ ಹೋದದ್ದು ಸಮುದ್ರಕ್ಕೆ. ಇದನ್ನು ಹೇಳಿದರೆ ನಂಬುವವರು ಕಡಿಮೆ. ಆಟೊಮ್ಯಾಟಿಕಿನ ಎಣ್ಣೆಗೆ ಎರಡು ತದ್ವಿರುದ್ಧ ಗುಣ ಬೇಕು. ಹಲ್ಲುಚಕ್ರಗಳ ನಡುವೆ ಜಾರಿಸಬೇಕು, ಕ್ಲಚ್ ಪ್ಲೇಟುಗಳ ನಡುವೆ ಹಿಡಿತ ಕೊಡಬೇಕು, ಅದೂ ಗಿಯರ್ ಹಿಡಿಯುವಾಗ ಕಾರು ಗಡಗಡ ನಡುಗದ ಹಾಗೆ. ಬಿಸಿಗೂ ಕೆಡಬಾರದು. 1949ರಲ್ಲಿ ಜನರಲ್ ಮೋಟಾರ್ಸ್ ‘ಟೈಪ್ ಎ’ ಎಂದು ಎಣ್ಣೆಯ ಮಾನದಂಡ ಹೊರಡಿಸಿತು. ಆ ಕಾಲದ ಎಣ್ಣೆಗಳಲ್ಲಿ ಈ ಗುಣ ಕೊಡುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಇಪ್ಪತ್ತು ವರ್ಷಗಳ ಮಟ್ಟಿಗೆ ಅಮೆರಿಕದ ಬೀದಿಗಳಲ್ಲಿ ಕಾರುಗಳು ಮೃದುವಾಗಿ ಗಿಯರ್ ಬದಲಿಸಿದ್ದರ ಹಿಂದೆ ಸಾಗರದ ಆ ಜೀವಿಯೂ ಇತ್ತು. ಅಳಿವಿನಂಚಿನ ಪ್ರಾಣಿಗಳ ಕಾನೂನಿನ ಅಡಿಯಲ್ಲಿ 1970ರಲ್ಲಿ ಸ್ಪರ್ಮ್ ತಿಮಿಂಗಿಲ ಪಟ್ಟಿಗೆ ಸೇರಿ ಅದರ ಎಣ್ಣೆಯ ಆಮದು ನಿಂತಿತು. ಎಣ್ಣೆ ಕಂಪನಿಗಳು ಬದಲಿ ಹುಡುಕಲು ಓಡಾಡಿದವು. ಮರುಭೂಮಿಯ ಹೊಹೋಬ ಗಿಡದ ಬೀಜದ ಎಣ್ಣೆಗೆ ಹೆಚ್ಚುಕಡಿಮೆ ಅದೇ ಗುಣ ಇರುವುದು ತಿಳಿದು ಅದನ್ನು ಬೆಳೆಯುವ ಉತ್ಸಾಹ ಬಂತು. ಕೊನೆಗೆ ಪ್ರಯೋಗಶಾಲೆಯ ರಾಸಾಯನಿಕಗಳೇ ಆ ಜಾಗಕ್ಕೆ ಬಂದವು. ಮೊದಲ ಬದಲಿ ಎಣ್ಣೆಗಳಲ್ಲಿ ಒಂದು, ಗಿಯರ್ ಬಾಕ್ಸಿನ ಎಣ್ಣೆಯನ್ನು ತಣಿಸುವ ಕೂಲರಿನ ಬೆಸುಗೆಯನ್ನು ತಿಂದುಹಾಕುತ್ತಿತ್ತು, ಪುನಃ ತಿದ್ದಬೇಕಾಯಿತು. ನಮ್ಮ ಕೆಂಪು ಎಣ್ಣೆಯಲ್ಲಿ ತಿಮಿಂಗಿಲ ಇಲ್ಲ. ಮಗನಿಗೆ ಈ ಕತೆ ಹೇಳಿದಾಗ ಅವ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ.

ಉಳಿದ ಕೆಲಸ ರಿಪೇರಿಯವರ ತಲೆಗೆ ಬಂತು. ಮಾಡೆಲ್ ಟಿ ರೈತ ಮುಚ್ಚಳ ತೆಗೆದು ಮಾಡಿದ್ದನ್ನು ಹೈಡ್ರಾಮ್ಯಾಟಿಕ್ ಕೊಂಡವ ಮಾಡಲಾರ. ಐವತ್ತರ ದಶಕದಿಂದಲೇ ಅಮೆರಿಕದಲ್ಲಿ ಬರೀ ಗಿಯರ್ ಬಾಕ್ಸ್ ರಿಪೇರಿಯ ಅಂಗಡಿಗಳು ಬೇರೆಯಾಗಿ ಹುಟ್ಟಿಕೊಂಡವು. ಮನೆ ರಿಪೇರಿಗೆಂದು ಜಾನ್ ಹೇನ್ಸ್ ಅರವತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಸುರುಮಾಡಿದ ಪುಸ್ತಕಮಾಲೆ ಉಂಟಲ್ಲ, ಒಂದೊಂದು ಕಾರನ್ನೂ ಬಿಚ್ಚಿ ಕಟ್ಟಿ ಫೋಟೊ ತೆಗೆದು ಬರೆದದ್ದು, ಅದರಲ್ಲಿ ಕೂಡ ಆಟೊಮ್ಯಾಟಿಕಿನ ಒಳಗಿನ ಕೆಲಸದ ವಿಷಯ ಬಂದರೆ ತಜ್ಞರಿಗೆ ಬಿಡಿ ಎಂದೇ ಸಾಮಾನ್ಯವಾಗಿ ಇರುತ್ತದೆ. ಹಾಗಾಗಿ ಮನೆಯಲ್ಲಿ ಮಾಡುವವರು ಬಿಚ್ಚಿ ಕಟ್ಟುವ ಬದಲು ಪೆಟ್ಟಿಗೆಯನ್ನೇ ಬದಲಿಸುವ ದಾರಿ ಹಿಡಿದರು. ನನಗೆ ಒಳಗಿನದ್ದೂ ಗೊತ್ತು, ಆದರೆ ಧೂಳು ಹಾರುವ ಅಂಗಳದಲ್ಲಿ ವಾಲ್ವ್ ಬಾಡಿ ಬಿಚ್ಚುವ ಧೈರ್ಯ ನನಗೂ ಇಲ್ಲ. ಒಂದು ಕೂದಲು ಸಾಕು ಅದಕ್ಕೆ.

ನಮ್ಮ ದೇಶಕ್ಕೆ ಇದು ತಡವಾಗಿ ಬಂತು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಆಟೊಮ್ಯಾಟಿಕ್ ಎಂದರೆ ಸಿನಿಮಾದಲ್ಲಿ ನೋಡುವ ವಸ್ತು. ಕಾಸರಗೋಡಿನವರು ಅದನ್ನು ಮುಟ್ಟಿ ಕಂಡದ್ದು ಹೆಚ್ಚಾಗಿ ಕೊಲ್ಲಿಯಲ್ಲಿ. ಅಲ್ಲಿಂದ ರಜೆಗೆ ಬಂದವರು ಇಲ್ಲಿ ಕ್ಲಚ್ಚಿಗೆ ಕಾಲು ಹುಡುಕಿ ತಡಕಾಡಿದ್ದನ್ನು ನೀವೆಲ್ಲ ನೋಡಿ ನಗಾಡಿದ್ದೀರಿ. 2014ರಲ್ಲಿ ಮಾರುತಿಯವರು ಸೆಲೆರಿಯೊ ಕಾರಿನಲ್ಲಿ ಎ.ಎಂ.ಟಿ. ತಂದ ಮೇಲೆ ಕ್ಲಚ್ಚಿಲ್ಲದ ಕಾರು ಸಾಮಾನ್ಯರ ಕೈಗೆ ಎಟುಕಿತು. ಅದು ಬೇರೆ ಜಾತಿಯದ್ದು: ಮಾಮೂಲಿ ಗಿಯರ್ ಬಾಕ್ಸೇ, ಕ್ಲಚ್ ಒತ್ತುವುದಕ್ಕೂ ಗಿಯರ್ ಎಳೆಯುವುದಕ್ಕೂ ಯಂತ್ರದ ಕೈ ಇಟ್ಟದ್ದು. ಅಗ್ಗ, ರಿಪೇರಿ ಸುಲಭ, ಏರಿನಲ್ಲಿ ಸ್ವಲ್ಪ ತಡವರಿಸುತ್ತದೆ. ನಮ್ಮ ಅಕ್ಕನದ್ದು ಹಳೆಯ ಮಾದರಿ, ಎಣ್ಣೆಯದ್ದು.

ಮೇ 27ಕ್ಕೆ ಗುಜರಿಯ ಗಿಯರ್ ಬಾಕ್ಸನ್ನು ಮೇಲೇರಿಸಲು ಕೂತೆವು. ಭಾವನವರು ಹಿಂದಿನ ದಿನದ ಮಾತು ಮರೆತು, ಪಂಚೆ ಎತ್ತಿಕಟ್ಟಿ ತಾವೇ ಬಂದಿದ್ದರು. ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾರಿಗಾದರೂ ಪ್ರಯೋಜನಕ್ಕೆ ಬಂದೀತು. ಕಡೆಗೋಲಿನ ಪಾತ್ರೆ ಎಂದೆನಲ್ಲ, ಟಾರ್ಕ್ ಕನ್ವರ್ಟರ್, ಅದನ್ನು ಮೊದಲು ಗಿಯರ್ ಬಾಕ್ಸಿನೊಳಗೆ ಕೂರಿಸಬೇಕು. ಸುಮ್ಮನೆ ದೂಡಿದರೆ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಕೈಯಿಂದ ಮೆಲ್ಲ ತಿರುಗಿಸುತ್ತಾ ಒತ್ತಬೇಕು. ಟಕ್ ಎಂದು ಒಮ್ಮೆ ಒಳಗೆ ಸರಿಯುತ್ತದೆ, ಪುನಃ ತಿರುಗಿಸಿದರೆ ಇನ್ನೊಮ್ಮೆ ಟಕ್. ಕೊನೆಯದ್ದು ಎಣ್ಣೆ ಪಂಪಿನ ಹಿಡಿಗೆ ಸೇರಿದ್ದು. ಅದು ಆಗದೆ ಬೋಲ್ಟ್ ಬಿಗಿದರೆ ಪಂಪು ಒಡೆದು ಹೋಗುತ್ತದೆ, ತಂದ ಪೆಟ್ಟಿಗೆ ಪುನಃ ಗುಜರಿಗೆ. ನಾನು ಸ್ಕೇಲ್ ಇಟ್ಟು ಆಳ ಅಳೆದು ನೋಡಿದೆ, ಸಾಲದು. ಬೆವರು ಕಣ್ಣಿಗಿಳಿಯುತ್ತಿತ್ತು. ಒಳಗಿನಿಂದ ಹೆಂಡತಿ “ಊಟಕ್ಕೆ ಬನ್ನಿ, ಅನ್ನ ತಣಿಯಿತು” ಎಂದು ಮೂರನೆಯ ಸಲ ಕೂಗಿದಳು. ಆ ಕೂಗಿನ ನಡುವೆಯೇ ಕೈಗೆ ಆ ಕೊನೆಯ ಟಕ್ ಸಿಕ್ಕಿತು. ಹದಿನೇಳು ವರ್ಷ ಕೇಳಿದ ಶಬ್ದ. ಮಗನನ್ನು ಕರೆದು ಅವನ ಕೈಯಿಂದಲೂ ತಿರುಗಿಸಿ ನೋಡಿಸಿದೆ.

ಕೂಲರಿನ ಪೈಪುಗಳನ್ನು ತೊಳೆದು ಹಳೆಯ ಪ್ಲೇಟುಗಳ ಪುಡಿ ಹೊರಹಾಕಿದೆವು, ಇಲ್ಲದಿದ್ದರೆ ಹೊಸತೂ ಅದೇ ದಾರಿ ಹಿಡಿಯುತ್ತದೆ. ಎಣ್ಣೆ ತುಂಬಿಸಿ, ಚಕ್ರ ನೆಲದಿಂದ ಎತ್ತಿ, ಒಂದೊಂದೇ ಗಿಯರಿಗೆ ಹಾಕಿ ನೋಡಿ, ಬಿಸಿಯ ಮೇಲೆ ಪುನಃ ಎಣ್ಣೆ ಅಳೆದದ್ದು ಮೇ 30ರ ರಾತ್ರಿ.

ಜೂನ್ 1ಕ್ಕೆ ಮಳೆ ಬೆಳಿಗ್ಗೆ ಆರಕ್ಕೇ ಹಿಡಿದಿತ್ತು. ಪಕ್ಕದಲ್ಲಿ ನಾನು ಕೂರುತ್ತೇನೆ ಎಂದದ್ದಕ್ಕೆ ಅಕ್ಕ, “ಬೇಡ ತಮ್ಮ, ನೀನು ಕೂತರೆ ನಿನ್ನ ಮುಖ ನೋಡಿಯೇ ನನಗೆ ಹೆದರಿಕೆ ಆಗ್ತದೆ” ಎಂದಳು. ಒಬ್ಬಳೇ ಹೋದಳು. ಏರಿನಲ್ಲಿ ಒಂದನೆಯ ಗಿಯರಿನಿಂದ ಎರಡಕ್ಕೆ ಹೋಗುವ ಶಬ್ದ ನಾನೂ ಅಮ್ಮನೂ ಜಗಲಿಯಲ್ಲಿ ನಿಂತು ಕೇಳಿದೆವು. ಆಮೇಲೆ ಮಳೆಯ ಶಬ್ದವೇ.

ಹಳೆಯ ಗಿಯರ್ ಬಾಕ್ಸ್ ಹಟ್ಟಿಯ ಮೂಲೆಯಲ್ಲಿ ಉಂಟು. ಮಳೆಗಾಲದ ಬಿಡುವಿನಲ್ಲಿ ಮಗನೂ ನಾನೂ ಅದನ್ನು ಬಿಚ್ಚಿ ಹಲಗೆಯ ಮೇಲೆ ಹರವಿಟ್ಟಿದ್ದೇವೆ: ಸೂರ್ಯ, ಗ್ರಹಗಳು, ಸುಟ್ಟು ಕಪ್ಪಾದ ಪ್ಲೇಟುಗಳು. ನೋಡಬೇಕೆಂದಿರುವವರು ಆದಿತ್ಯವಾರ ಮಧ್ಯಾಹ್ನದ ಮೇಲೆ ಬನ್ನಿ.